ಓಎಲ್‌ಇಡಿ ಪರದೆಯೂ ಆಟದ ಗುರುತೂ

ಬಳಸಿದ ವಸ್ತು ಬಳಸಿದ ಕಡೆಯಲ್ಲಿ ಸವೆಯುವುದು ಲೋಕದ ನಿಯಮ. ನಮ್ಮ ನಗರದ ಹಳೆಯ ರೈಲು ನಿಲ್ದಾಣಗಳ ಕಲ್ಲಿನ ಮೆಟ್ಟಿಲುಗಳನ್ನು ನೋಡಿರಿ. ಜನರ ಕಾಲು ಹೆಚ್ಚಾಗಿ ಬೀಳುವ ಎಡೆಯಲ್ಲಿ ಕಲ್ಲು ತಗ್ಗಾಗಿರುವುದು. ಗೋಡೆಯ ಬದಿಯಲ್ಲಿ ಮಾತ್ರ ಹೊಸದರಂತೆಯೇ ಉಳಿದಿರುವುದು. ಊರಿನ ಮನೆಯ ದೇವರ ಕೋಣೆಯಲ್ಲಿ ಗಂಧ ತೇಯುವ ಸಾಣೆಕಲ್ಲಿನ ನಡುವೆಯೂ ಇಂಥದೇ ಒಂದು ತಗ್ಗು ಕಾಣುವುದು. ಆ ಕಲ್ಲನ್ನು ಯಾರೂ ಒಡೆಯಲಿಲ್ಲ, ಕೊರೆಯಲಿಲ್ಲ. ದಿನದಿನದ ಬಳಕೆಯೇ ಅಲ್ಲಿ ತನ್ನ ಆಕಾರವನ್ನು ಬಿಟ್ಟಿದೆ.

ಈ ಪಾಠದಲ್ಲಿ ನಾವು ಅಭ್ಯಸಿಸಬೇಕೆಂದಿರುವುದು ಕಲ್ಲಿನ ಸವೆತವನ್ನಲ್ಲ, ಬೆಳಕಿನ ಸವೆತವನ್ನು. ಓಎಲ್‌ಇಡಿ ಎಂಬ ಬಗೆಯ ಟೀವಿಗಳು ಈಗ ನಗರದ ಅನೇಕ ಮನೆಗಳಿಗೆ ಬಂದಿವೆ. ಅವುಗಳಿಗೆ ಕನ್ಸೋಲ್ ಜೋಡಿಸಿ ಆಟವಾಡುವ ವಿದ್ಯಾರ್ಥಿಗಳೂ ನಮ್ಮಲ್ಲಿ ಇದ್ದಾರೆ. ಒಂದೇ ಆಟವನ್ನು ಬಹುಕಾಲ ಆಡಿದರೆ ಆ ಆಟದ ಗುರುತು ಪರದೆಯ ಮೇಲೆ ಅಳಿಸಲಾರದಂತೆ ನಿಂತುಬಿಡುವುದೆಂಬ ಮಾತು ಅವರ ಕಿವಿಗೆ ಬಿದ್ದಿದೆ. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ ತಿಳಿದ ಸತ್ಯವು ಕೆಲವರಲ್ಲಿ ಭಯವನ್ನೂ ಕೆಲವರಲ್ಲಿ ಉಡಾಫೆಯನ್ನೂ ಹುಟ್ಟಿಸಿದೆ. ಇಂಥ ಟೀವಿಯೆಂದರೆ ತಂದೆತಾಯಿಗಳು ತಿಂಗಳುಗಟ್ಟಲೆ ಕಂತು ಕಟ್ಟಿ ಕೊಂಡ ವಸ್ತು. ಮನೆಯವರೆಲ್ಲರೂ ನೋಡುವ ವಸ್ತು. ಅದರ ಮೇಲೊಂದು ಗುರುತು ಕಂಡಿತೆಂದರೆ ಮೊದಲ ಬೈಗುಳ ಬೀಳುವುದು ಆಡುವ ಹುಡುಗನ ಮೇಲೆ, ಇಲ್ಲವೆ ಹುಡುಗಿಯ ಮೇಲೆ. ಆ ಬೈಗುಳ ಎಷ್ಟರ ಮಟ್ಟಿಗೆ ನ್ಯಾಯವೆಂಬುದನ್ನೂ ವಿಜ್ಞಾನವನ್ನೇ ಕೇಳಿ ತಿಳಿಯಬೇಕು.

ಹೆಸರು ಬಂದ ಬಗೆ

ಈ ಗುರುತಿಗೆ ‘ಬರ್ನ್‌-ಇನ್’ ಎಂಬ ಹೆಸರು ಬಳಕೆಯಲ್ಲಿದೆ. ಸುಟ್ಟು ಅಚ್ಚೊತ್ತಿದುದು ಎಂದು ಅದರ ಭಾವ. ವರ್ಗದಲ್ಲಿ ಈ ಮಾತು ಬಂದಾಗ ಒಬ್ಬ ಹುಡುಗನು, “ಸುಟ್ಟಿದ್ದರೆ ವಾಸನೆ ಏಕೆ ಬರುವುದಿಲ್ಲ, ಸರ್?” ಎಂದು ಕೇಳಿದನು. ಎಲ್ಲರೂ ನಕ್ಕರು. ಆದರೆ ಅದು ನಕ್ಕು ಬಿಡತಕ್ಕ ಪ್ರಶ್ನೆಯಲ್ಲ. ಓಎಲ್‌ಇಡಿ ಪರದೆಯಲ್ಲಿ ನಿಜವಾಗಿ ಯಾವುದೂ ಸುಡುವುದಿಲ್ಲ. ಈ ಹೆಸರು ಹಳೆಯ ಕಾಲದ ಪರದೆಗಳಿಂದ ಉಳಿದುಬಂದದ್ದು.

ನಿಮ್ಮ ಅಜ್ಜ ಅಜ್ಜಿಯರು ನೋಡಿದ ದಪ್ಪ ಬೆನ್ನಿನ ಟೀವಿಯೊಳಗೆ ಒಂದು ದೊಡ್ಡ ಗಾಜಿನ ಕೊಳವೆಯಿತ್ತು. ಅದರ ಹಿಂತುದಿಯಿಂದ ಹೊರಟ ಎಲೆಕ್ಟ್ರಾನುಗಳ ಧಾರೆಯು ಮುಂದಿನ ಗಾಜಿನ ಒಳಮೈಗೆ ಲೇಪಿಸಿದ ಫಾಸ್ಫರ್ ಎಂಬ ಪುಡಿಗೆ ಬಡಿಯಲು, ಆ ಪುಡಿ ಹೊಳೆದು ಚಿತ್ರ ಮೂಡುತ್ತಿತ್ತು. ಒಂದೇ ಎಡೆಗೆ ಧಾರೆಯು ಬಹುಕಾಲ ಬಡಿದರೆ ಅಲ್ಲಿನ ಪುಡಿಯ ಹೊಳೆಯುವ ಶಕ್ತಿ ಕುಂದುತ್ತಿತ್ತು. ಜಪಾನಿನ ನಾಮ್ಕೊ ಕಂಪನಿ ೧೯೮೦ರಲ್ಲಿ ‘ಪ್ಯಾಕ್‌-ಮ್ಯಾನ್’ ಎಂಬ ಆಟವನ್ನು ಹೊರತಂದಿತು. ಕಾಸು ಹಾಕಿ ಆಡುವ ಆ ಯಂತ್ರಗಳಲ್ಲಿ ಹಂತಗಳು ಬದಲಾದರೂ ಸುತ್ತುದಾರಿಗಳ ಚಿತ್ರವು ಬದಲಾಗುತ್ತಿರಲಿಲ್ಲ. ದಿನವೆಲ್ಲ ಉರಿಯುತ್ತಿದ್ದ ಅಂಥ ಅನೇಕ ಯಂತ್ರಗಳನ್ನು ಆರಿಸಿದ ಮೇಲೂ ಗಾಜಿನ ಮೇಲೆ ಆ ದಾರಿಗಳ ಗೆರೆಗಳು ಮಸುಕಾಗಿ ಕಾಣುತ್ತಿದ್ದವು.

ಕಂಪ್ಯೂಟರುಗಳಿಗೂ ಇದೇ ಪಾಡು ಒದಗಿತು. ೧೯೮೩ರ ಡಿಸೆಂಬರಿನಲ್ಲಿ ಜಾನ್ ಸೋಚಾ ಎಂಬವರು ಅಮೆರಿಕದ ‘ಸಾಫ್ಟಾಕ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಪ್ರಕಟಿಸಿದರು. ಕೆಲವು ನಿಮಿಷ ಯಾರೂ ಕೀಲಿಮಣೆಯನ್ನು ಮುಟ್ಟದಿದ್ದರೆ ಅದು ಪರದೆಯನ್ನು ತಾನಾಗಿ ಕಪ್ಪಾಗಿಸುತ್ತಿತ್ತು. ‘ಸ್ಕ್ರೀನ್ ಸೇವರ್’ ಎಂದು ನೀವು ಕರೆಯುವುದು ಇದರ ಸಂತತಿಯೇ. ಮುಂದೆ ಪ್ಲಾಸ್ಮಾ ಟೀವಿಗಳು ಬಂದವು. ಅವುಗಳಲ್ಲಿಯೂ ಫಾಸ್ಫರ್ ಇದ್ದುದರಿಂದ ಈ ತೊಂದರೆ ತಪ್ಪಲಿಲ್ಲ. ಅಲುಗಾಡದ ಚಿತ್ರವು ತಾನೇ ಬೆಳಗುವ ಪರದೆಗೆ ಮೊದಲಿನಿಂದಲೂ ಪರೀಕ್ಷೆಯಾಗಿಯೇ ಇದೆ ಎಂಬುದನ್ನು ಇದರಿಂದ ತಿಳಿಯಬಹುದು.

ಒಂದು ದೀಪವೂ ಲಕ್ಷ ದೀಪಗಳೂ

ಈಗಿನ ಟೀವಿಗಳಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಅವುಗಳ ಭೇದವನ್ನು ಅರಿತರೆ ಪಾಠದ ಅರ್ಧ ಭಾಗ ಮುಗಿದಂತೆಯೇ.

ಮೊದಲನೆಯದು ಎಲ್‌ಸಿಡಿ. ಅಂಗಡಿಯವರು ಎಲ್‌ಇಡಿ ಟೀವಿಯೆಂದು ಮಾರುವುದೂ ಬಹುತೇಕ ಇದೇ. ಇದರಲ್ಲಿ ಪರದೆಯ ಹಿಂದೆ ಬೆಳಕು ಇರುವುದು. ಮುಂದೆ ಅಸಂಖ್ಯ ಪುಟ್ಟ ಬಾಗಿಲುಗಳಿರುವುವು. ಬಾಗಿಲು ತೆರೆದರೆ ಆ ಎಡೆಯಲ್ಲಿ ಬೆಳಕು, ಮುಚ್ಚಿದರೆ ಕತ್ತಲೆ. ಚಿತ್ರದ ಯಾವ ಭಾಗ ಬೆಳಗಿರಲಿ, ಯಾವ ಭಾಗ ಕಪ್ಪಾಗಿರಲಿ, ಹಿಂದಿನ ಬೆಳಕು ಅವೆರಡಕ್ಕೂ ಸಮಾನವಾದದ್ದು. ಆದಕಾರಣ ಆ ಬೆಳಕು ಹಳತಾದರೂ ಆಟದ ಚಿತ್ರದ ಆಕಾರದಲ್ಲಿ ಹಳತಾಗುವುದಿಲ್ಲ.

ಎರಡನೆಯದು ಓಎಲ್‌ಇಡಿ. ಇದರಲ್ಲಿ ಹಿಂದಿನ ಬೆಳಕೆಂಬುದಿಲ್ಲ. ಚಿತ್ರದ ಪ್ರತಿಯೊಂದು ಬಿಂದುವೂ, ಎಂದರೆ ಪಿಕ್ಸೆಲ್ಲೂ, ತಾನೇ ಒಂದು ದೀಪ. ಲಕ್ಷದೀಪೋತ್ಸವದ ರಾತ್ರಿ ದೇವಸ್ಥಾನದ ಅಂಗಳದಲ್ಲಿ ಹಚ್ಚಿಟ್ಟ ಹಣತೆಗಳನ್ನು ನೆನೆಯಿರಿ. ಒಂದೊಂದು ಹಣತೆಗೂ ಅದರದೇ ಎಣ್ಣೆ, ಅದರದೇ ಬತ್ತಿ. ೪ಕೆ ಎಂದು ಹೆಸರಾದ ಟೀವಿಯಲ್ಲಿ ಅಡ್ಡಕ್ಕೆ ೩೮೪೦ ಬಿಂದುಗಳೂ ಉದ್ದಕ್ಕೆ ೨೧೬೦ ಬಿಂದುಗಳೂ ಇರುವುವು. ಗುಣಿಸಿ ನೋಡಿದರೆ ೮೨,೯೪,೪೦೦ ಆಗುವುದು. ಲಕ್ಷದೀಪಗಳ ಉತ್ಸವಗಳು ಎಂಬತ್ತೆರಡಕ್ಕೂ ಹೆಚ್ಚು ಒಂದೇ ಪರದೆಯಲ್ಲಿ ನಡೆದಂತಾಯಿತು! ಇಷ್ಟಕ್ಕೂ ಒಂದೊಂದು ಬಿಂದುವಿನೊಳಗೆ ಬಣ್ಣಬಣ್ಣದ ಉಪಬಿಂದುಗಳು ಬೇರೆ ಇರುವುವು. ಎಲ್‌ಜಿ ಕಂಪನಿಯ ಟೀವಿಗಳಲ್ಲಿ ಅವು ನಾಲ್ಕು: ಕೆಂಪು, ಹಸಿರು, ನೀಲಿ ಮತ್ತು ಬಿಳಿ.

ಈ ದೀಪದ ಜನನವು ೧೯೮೭ರ ಸುಮಾರಿನದು. ಅಮೆರಿಕದ ಕೊಡಕ್ ಕಂಪನಿಯ ಪ್ರಯೋಗಶಾಲೆಯಲ್ಲಿ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಎಂಬ ವಿಜ್ಞಾನಿಗಳು ಇಂಗಾಲದ ಸಂಯುಕ್ತಗಳ ಅತಿ ತೆಳುವಾದ ಪದರಗಳನ್ನು ಒಂದರ ಮೇಲೊಂದು ಜೋಡಿಸಿ, ೧೦ ವೋಲ್ಟಿಗಿಂತ ಕಡಿಮೆ ವಿದ್ಯುತ್ತಿನಿಂದ ಅವು ಚೆನ್ನಾಗಿ ಬೆಳಗುವಂತೆ ಮಾಡಿದರು. ಆ ಪದರಗಳ ದಪ್ಪವು ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದ ಆಸುಪಾಸಿನದು. ಸೋನಿ ಕಂಪನಿ ೨೦೦೭ರಲ್ಲಿ ೧೧ ಅಂಗುಲದ ಓಎಲ್‌ಇಡಿ ಟೀವಿಯನ್ನು ಮಾರಾಟಕ್ಕೆ ತಂದಿತು. ೨೦೧೩ರಲ್ಲಿ ೫೫ ಅಂಗುಲದ ದೊಡ್ಡ ಟೀವಿಗಳು ಬಂದವು.

ಆಟಗಾರರು ಇದನ್ನು ಮೆಚ್ಚುವುದಕ್ಕೆ ಕಾರಣವುಂಟು. ಕಪ್ಪು ಬೇಕಾದ ಕಡೆ ಬಿಂದುವು ಪೂರ್ತಿ ಆರಿಬಿಡುವುದರಿಂದ ಕತ್ತಲೆಯು ನಿಜವಾದ ಕತ್ತಲೆಯಾಗಿಯೇ ತೋರುವುದು. ಬಿಂದುವು ಬೆಳಗುವುದಕ್ಕೂ ಆರುವುದಕ್ಕೂ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತೂ ಬೇಡ. ಆದುದರಿಂದ ಓಡುವ ಚೆಂಡಾಗಲಿ ಹಾರುವ ವಿಮಾನವಾಗಲಿ ಬಾಲ ಎಳೆದಂತೆ ಮಸುಕಾಗುವುದಿಲ್ಲ. ಪ್ರತಿಯೊಂದು ಬಿಂದುವೂ ಸ್ವತಂತ್ರ ದೀಪವಾಗಿರುವುದೇ ಈ ಗುಣಕ್ಕೆ ಮೂಲ. ಮುಂದೆ ಹೇಳುವ ದೋಷಕ್ಕೂ ಅದೇ ಮೂಲ.

ಎಣ್ಣೆ ತೀರುವ ರೀತಿ

ವಿದ್ಯುತ್ ಹರಿದಾಗ ಈ ಪದರಗಳ ಅಣುಗಳು ಶಕ್ತಿಯನ್ನು ಪಡೆದು, ಅದನ್ನು ಬೆಳಕಾಗಿ ಹೊರಕ್ಕೆ ಬಿಡುವುವು. ಕೋಟಿ ಕೋಟಿ ಸಲ ಈ ಕ್ರಿಯೆ ಸರಿಯಾಗಿ ನಡೆದರೂ, ನಡುವೆ ಎಲ್ಲಿಯೋ ಒಂದು ಅಣುವಿನ ಬಂಧ ಮುರಿಯುವುದುಂಟು. ಮುರಿದ ಅಣು ಮತ್ತೆ ಬೆಳಗದು. ಅಷ್ಟೇ ಅಲ್ಲ, ನೆರೆಯ ಅಣುಗಳ ಶಕ್ತಿಯನ್ನೂ ಬೆಳಕಾಗಗೊಡದೆ ನುಂಗಬಲ್ಲದು. ಹೀಗೆ ಬಿಂದುವಿನ ಕಾಂತಿ ಕ್ರಮೇಣ ಕುಂದುವುದು. ಹಣತೆಯ ಹೋಲಿಕೆ ಇಲ್ಲಿ ಒಂದು ಮಾತಿನಲ್ಲಿ ತಪ್ಪುವುದೆಂಬುದನ್ನು ಗಮನಿಸಿರಿ. ಹಣತೆಗೆ ಮತ್ತೆ ಎಣ್ಣೆ ಹೊಯ್ಯಬಹುದು. ಈ ದೀಪಕ್ಕೆ ಕಾರ್ಖಾನೆಯಲ್ಲಿ ತುಂಬಿದ ಎಣ್ಣೆಯೇ ಕೊನೆಯದು.

ಈ ಸವೆತವನ್ನು ತ್ವರೆಗೊಳಿಸುವ ಕಾರಣಗಳು ಮೂರು. ಮೊದಲನೆಯದು ಕಾಂತಿ. ಬಿಂದುವಿನ ಕಾಂತಿಯನ್ನು ಇಮ್ಮಡಿಗೊಳಿಸಿದರೆ ಅದರ ಆಯುಷ್ಯ ಬರಿಯ ಅರ್ಧವಾಗುವುದಿಲ್ಲ. ಸಾಮಾನ್ಯವಾಗಿ ಮೂರರಲ್ಲೊಂದು ಅಥವಾ ನಾಲ್ಕರಲ್ಲೊಂದು ಭಾಗಕ್ಕೆ ಇಳಿಯುವುದು. ಎರಡನೆಯದು ಶಾಖ. ಬಿಸಿಯೇರಿದಷ್ಟೂ ಅಣುಗಳು ಬೇಗನೆ ಕೆಡುವುವು. ಮೂರನೆಯದು ಬಣ್ಣ. ನೀಲಿ ಬೆಳಕಿನ ತರಂಗವು ಕೆಂಪಿನ ತರಂಗಕ್ಕಿಂತ ಗಿಡ್ಡ. ಆದುದರಿಂದ ಅದನ್ನು ಹೊಮ್ಮಿಸಲು ಹೆಚ್ಚು ಶಕ್ತಿ ಬೇಕು, ಅಣುವಿಗೆ ಅಪಾಯವೂ ಹೆಚ್ಚು. ನೀಲಿ ಬೆಳಕಿನ ವಸ್ತುಗಳೇ ಮೊದಲು ದಣಿಯುವುವು.

ಆದರೆ ಟೀವಿಯಲ್ಲಿ ಕೆಂಪು ಗುರುತುಗಳೂ ಬೇಗ ಬೀಳುವುದುಂಟಲ್ಲ, ಏಕೆ? ಎಲ್‌ಜಿ ಬಗೆಯ ಪರದೆಯಲ್ಲಿ ಎಲ್ಲ ಉಪಬಿಂದುಗಳೂ ಒಳಗೆ ಬಿಳಿಯ ಬೆಳಕನ್ನೇ ಕೊಡುವುವು. ಮೇಲಿನ ಬಣ್ಣದ ಸೋಸುಪದರವು ಬೇಕಾದ ಬಣ್ಣವನ್ನು ಮಾತ್ರ ಹೊರಬಿಟ್ಟು ಉಳಿದುದನ್ನು ತಡೆಯುವುದು. ಹೀಗೆ ಬಹುಭಾಗ ಬೆಳಕು ವ್ಯರ್ಥವಾಗುವುದರಿಂದ, ಗಾಢವಾದ ಕೆಂಪನ್ನು ತೋರಿಸಲು ಉಪಬಿಂದುವನ್ನು ಬಲವಾಗಿ ಉರಿಸಬೇಕಾಗುವುದು. ಈ ಕಾರಣದಿಂದಲೇ ೨೦೧೮ರ ಮಾದರಿಗಳಲ್ಲಿ ಕೆಂಪು ಉಪಬಿಂದುವನ್ನು ಹಿಗ್ಗಿಸಿದರು. ಅಗಲ ಹೆಚ್ಚಿದರೆ ಅಷ್ಟೇ ಬೆಳಕಿಗೆ ದುಡಿಮೆ ಕಡಿಮೆಯಾಗುವುದಷ್ಟೆ.

ಈಗ ಮುಖ್ಯವಾದ ಮಾತು. ಪರದೆಯ ಎಲ್ಲ ಬಿಂದುಗಳೂ ಒಂದೇ ಸಮನಾಗಿ ಸವೆದರೆ ನಮಗೆ ಯಾವ ಗುರುತೂ ಕಾಣದು. ಇಡೀ ಪರದೆಯ ಬೆಳಕು ತುಸು ಇಳಿಯುವುದು, ಅಷ್ಟೆ. ಕೆಲವು ಬಿಂದುಗಳು ನೆರೆಯವುಗಳಿಗಿಂತ ಹೆಚ್ಚು ಸವೆದಾಗ ಮಾತ್ರ ಅವೆರಡರ ಗಡಿಯು ಕಣ್ಣಿಗೆ ಬೀಳುವುದು. ಆದಕಾರಣ ಬರ್ನ್‌-ಇನ್ ಎಂದರೆ ಸುಟ್ಟ ಕಲೆಯಲ್ಲ, ಅಸಮವಾದ ಸವೆತ. ಈ ಒಂದು ವಾಕ್ಯವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದುದೆಲ್ಲ ತಾನಾಗಿ ತಿಳಿಯುವುದು.

ಒಂದು ಉದಾಹರಣೆ ನೋಡೋಣ. ಹಳೆಯ ಆಟಗಳ ಚಿತ್ರವು ಈಗಿನ ಟೀವಿಯಷ್ಟು ಅಗಲವಾಗಿರದೆ ಎರಡು ಬದಿಗಳಲ್ಲಿ ಕಪ್ಪು ಪಟ್ಟಿಗಳು ಉಳಿಯುವುದುಂಟು. ಅಂಥ ಆಟವನ್ನೇ ವರ್ಷಗಟ್ಟಲೆ ಆಡಿದರೆ ಗುರುತು ಬೀಳುವುದು ಎಲ್ಲಿ? ಕಪ್ಪು ಪಟ್ಟಿಗಳು ಪರದೆಯನ್ನು ಕೆಡಿಸುವುವೆಂದು ಹಲವರು ತಿಳಿದಿದ್ದಾರೆ. ಆದರೆ ಅಲ್ಲಿನ ಬಿಂದುಗಳು ಆರಿದ್ದವು, ಸವೆಯಲಿಲ್ಲ. ಸವೆದುದು ನಡುವಿನ ಭಾಗ. ಮುಂದೆ ಪರದೆಯ ತುಂಬ ಒಂದೇ ಬಣ್ಣ ತೋರಿಸಿದಾಗ ಎರಡು ಬದಿಗಳೇ ಹೆಚ್ಚು ಬೆಳಗಿ ಕಾಣುವುವು. ಮೆಟ್ಟಿಲಿನ ನಡುಭಾಗ ತಗ್ಗಾಗಿ ಅಂಚು ಎತ್ತರವಾಗಿ ಉಳಿದಂತೆಯೇ ಇದು.

ಇನ್ನೊಂದು ಭೇದವನ್ನೂ ತಿಳಿಯತಕ್ಕದ್ದು. ಆಟ ನಿಲ್ಲಿಸಿದ ಕೂಡಲೇ ಮಸುಕಾದ ಒಂದು ನೆರಳು ಪರದೆಯ ಮೇಲೆ ಉಳಿದು, ಕೆಲವು ನಿಮಿಷಗಳಲ್ಲಿಯೋ ಗಂಟೆಗಳಲ್ಲಿಯೋ ಮಾಯವಾಗುವುದುಂಟು. ಅದು ತಾತ್ಕಾಲಿಕವಾದ ನೆರಳು. ಬೇರೆ ಬೇರೆ ಚಿತ್ರಗಳು ಓಡಿದ ಮೇಲೆ ಅಥವಾ ಟೀವಿಗೆ ವಿಶ್ರಾಂತಿ ಕೊಟ್ಟ ಮೇಲೆ ಹೋಗಿಬಿಡುವುದು. ಸವೆತವು ವಿಶ್ರಾಂತಿಯಿಂದ ಹೋಗುವುದಿಲ್ಲ. ಈ ದಿನದ ಎರಡು ಗಂಟೆ, ನಾಳಿನ ಎರಡು ಗಂಟೆ, ಮುಂದಿನ ವಾರದ ಎರಡು ಗಂಟೆ, ಎಲ್ಲವೂ ಕೂಡುತ್ತಲೇ ಹೋಗುವುವು.

ಆಟಕ್ಕೂ ಗುರುತಿಗೂ ನಂಟು

ಸಿನಿಮಾ ನೋಡುವಾಗ ಚಿತ್ರವು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಸವೆತ ಎಲ್ಲೆಡೆಗೂ ಹಂಚಿಹೋಗುವುದು. ಆಟದಲ್ಲಿ ಹಾಗಲ್ಲ. ಒಂದು ಮೂಲೆಯಲ್ಲಿ ನಕಾಶೆ, ಇನ್ನೊಂದು ಮೂಲೆಯಲ್ಲಿ ಗುಂಡುಗಳ ಲೆಕ್ಕ, ಕೆಳಗೆ ವೀರನ ಪ್ರಾಣಶಕ್ತಿಯನ್ನು ತೋರಿಸುವ ಪಟ್ಟಿ, ಮೇಲೆ ಗೋಲುಗಳ ಸಂಖ್ಯೆ: ಇವು ಆಟ ನಡೆಯುವಷ್ಟು ಹೊತ್ತೂ ಕುಳಿತಲ್ಲಿಯೇ ಕುಳಿತಿರುವುವು. ಅವು ಬೇಗನೆ ಕಣ್ಣಿಗೆ ಬೀಳಲೆಂದು ಗಾಢವಾದ, ಉಜ್ಜ್ವಲವಾದ ಬಣ್ಣಗಳಲ್ಲಿಯೇ ಅವನ್ನು ಬರೆದಿರುವರು. ಇದರ ಮೇಲೆ ಎಚ್‌ಡಿಆರ್ ಎಂಬ ವ್ಯವಸ್ಥೆಯಲ್ಲಿ ಪರದೆಯು ತನ್ನ ಗರಿಷ್ಠ ಕಾಂತಿಯವರೆಗೂ ಏರಬಲ್ಲದು. ಸ್ಥಿರತೆ, ಕಾಂತಿ, ದೀರ್ಘಕಾಲ, ಈ ಮೂರೂ ಕೂಡಿದ ಕಡೆಯಲ್ಲಿ ಅಸಮ ಸವೆತಕ್ಕೆ ಅನುಕೂಲವಾಯಿತೆಂದೇ ತಿಳಿಯಬೇಕು.

ಆಟವನ್ನು ತಡೆದು ನಿಲ್ಲಿಸಿ ಊಟಕ್ಕೆ ಏಳುವುದು ಇನ್ನೂ ಕೆಟ್ಟದು. ಆಗ ಇಡೀ ಚಿತ್ರವೇ ನಿಶ್ಚಲವಾಗುವುದು. ಆಡುವವರಿಗೆ ಆಟದ ಸಂತೋಷವೂ ಇಲ್ಲ, ಪರದೆಗೆ ಸವೆತ ಮಾತ್ರ ತಪ್ಪದು.

ಪರೀಕ್ಷೆಯ ಸಾಕ್ಷ್ಯ

ಈ ಅಪಾಯ ಎಷ್ಟು ದೊಡ್ಡದು? ಊಹೆಯನ್ನು ಬಿಟ್ಟು ಪ್ರಯೋಗವನ್ನು ನೋಡೋಣ. ಕೆನಡಾ ದೇಶದ ಆರ್‌ಟಿಂಗ್ಸ್ ಎಂಬ ಪರೀಕ್ಷಾ ಸಂಸ್ಥೆಯು ೨೦೧೮ರ ಜನವರಿಯಲ್ಲಿ ಎಲ್‌ಜಿ ಕಂಪನಿಯ ೨೦೧೭ರ ಮಾದರಿಯ ೬ ಓಎಲ್‌ಇಡಿ ಟೀವಿಗಳನ್ನು ಸಾಲಾಗಿಟ್ಟು, ದಿನಕ್ಕೆ ೨೦ ಗಂಟೆಗಳಂತೆ ಓಡಿಸತೊಡಗಿತು. ಒಂದರಲ್ಲಿ ‘ಫಿಫಾ ೧೮’ ಎಂಬ ಫುಟ್‌ಬಾಲ್ ಆಟ, ಇನ್ನೊಂದರಲ್ಲಿ ‘ಕಾಲ್ ಆಫ್ ಡ್ಯೂಟಿ’ ಎಂಬ ಯುದ್ಧದ ಆಟ. ಉಳಿದವುಗಳಲ್ಲಿ ಸುದ್ದಿವಾಹಿನಿ ಮೊದಲಾದ ಕಾರ್ಯಕ್ರಮಗಳು. ಸಿಎನ್‌ಎನ್ ಸುದ್ದಿಯನ್ನು ಎರಡು ಟೀವಿಗಳಲ್ಲಿ ಹಾಕಿ, ಒಂದನ್ನು ಗರಿಷ್ಠ ಕಾಂತಿಯಲ್ಲಿಯೂ ಇನ್ನೊಂದನ್ನು ಮಿತವಾದ ಕಾಂತಿಯಲ್ಲಿಯೂ ಇಟ್ಟಿದ್ದರು.

ಫಲಿತಾಂಶವು ಬೋಧಪ್ರದವಾದದ್ದು. ಸುದ್ದಿ ತೋರಿಸಿದ ಟೀವಿಗಳಲ್ಲಿ ಗುರುತು ಬಿತ್ತು. ಗರಿಷ್ಠ ಕಾಂತಿಯದರಲ್ಲಿ ಅದು ಹೆಚ್ಚು. ೯೦೦೦ ಗಂಟೆಗಳನ್ನು ದಾಟುವ ವೇಳೆಗೆ ಫುಟ್‌ಬಾಲ್ ಆಟದ ಟೀವಿಯಲ್ಲಿಯೂ ಅಸಮತೆ ಕಂಡುಬಂದಿತ್ತು. ಯುದ್ಧದ ಆಟದ ಟೀವಿಯಲ್ಲಿ ಮಾತ್ರ ಅಂಥ ಗುರುತು ಕಾಣಲಿಲ್ಲ. ಸ್ಥಿರವಾದ ಭಾಗಗಳಿಲ್ಲದ ಬಗೆಬಗೆಯ ಕಾರ್ಯಕ್ರಮಗಳನ್ನು ನೋಡುವ ಬಹುಪಾಲು ಜನರಿಗೆ ಈ ತೊಂದರೆ ಬರಲಾರದೆಂದು ಆ ಸಂಸ್ಥೆ ತೀರ್ಮಾನಿಸಿತು.

ಇದರಿಂದ ನಾವು ಕಲಿಯತಕ್ಕದ್ದೇನು? ‘ಆಟವಾಡಿದರೆ ಟೀವಿ ಕೆಡುವುದು’ ಎಂಬ ಮಾತು ಹಾಗೆಯೇ ಒಪ್ಪತಕ್ಕದ್ದಲ್ಲ. ಎರಡೂ ಆಟಗಳೇ; ಒಂದು ಗುರುತು ಬಿಟ್ಟಿತು, ಒಂದು ಬಿಡಲಿಲ್ಲ. ಪರದೆಯ ಮೇಲೆ ಯಾವುದು, ಎಷ್ಟು ಕಾಂತಿಯಿಂದ, ಎಷ್ಟು ಹೊತ್ತು ಅಲುಗಾಡದೆ ನಿಂತಿತೆಂಬುದೇ ನಿರ್ಣಾಯಕ. ಸುದ್ದಿ ನೋಡುವ ಹಿರಿಯರೂ ಈ ಲೆಕ್ಕದಿಂದ ಹೊರಗಾದವರಲ್ಲ. ಪರದೆಯ ಕೆಳಗೆ ಹರಿಯುವ ಸುದ್ದಿಯ ಕೆಂಪು ಪಟ್ಟಿ, ಮೂಲೆಯಲ್ಲಿ ನಿಂತ ವಾಹಿನಿಯ ಮುದ್ರೆ, ಇವೂ ಆಟದ ನಕಾಶೆಯಷ್ಟೇ ಸ್ಥಿರವಾದವು.

ಇನ್ನು ಸ್ವಲ್ಪ ಗಣಿತ. ೯೦೦೦ ಗಂಟೆ ಎಂದರೆ, ದಿನಕ್ಕೆ ೫ ಗಂಟೆ ಒಂದೇ ಆಟವಾಡುವವನಿಗೆ ೧೮೦೦ ದಿನ, ಎಂದರೆ ಸುಮಾರು ಐದು ವರ್ಷ. ದಿನಕ್ಕೆ ೨ ಗಂಟೆ ಆಡುವವನಿಗೆ ೪೫೦೦ ದಿನ, ಎಂದರೆ ಹನ್ನೆರಡು ವರ್ಷಕ್ಕೂ ಹೆಚ್ಚು. ಆದರೆ ಈ ಸಂಖ್ಯೆಯನ್ನು ಟೀವಿಯ ಆಯುಷ್ಯದ ಜಾತಕವೆಂದು ಭಾವಿಸಬಾರದು. ಕಾಂತಿ ಹೆಚ್ಚಿಸಿದರೆ ಅವಧಿ ಕುಗ್ಗುವುದು, ಕಡಮೆ ಮಾಡಿದರೆ ಹಿಗ್ಗುವುದು. ಮಾದರಿಯಿಂದ ಮಾದರಿಗೂ ಭೇದವುಂಟು. ಸಾಧಾರಣವಾದ ಜಲಜನಕದ ಬದಲು ಅದರ ಭಾರವಾದ ರೂಪವಾದ ಡ್ಯೂಟೀರಿಯಮನ್ನು ಬೆಳಗುವ ಅಣುಗಳಲ್ಲಿ ಸೇರಿಸಿ ಅವನ್ನು ಹೆಚ್ಚು ಗಟ್ಟಿಗೊಳಿಸಿರುವುದಾಗಿ ಎಲ್‌ಜಿ ಡಿಸ್ಪ್ಲೇ ಕಂಪನಿ ೨೦೨೧ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಇಂಥ ಸುಧಾರಣೆಗಳಿಂದ ಸವೆತ ನಿಧಾನವಾಗುವುದು; ನಿಂತುಹೋಗುವುದಿಲ್ಲ.

ಟೀವಿಯ ಸ್ವಂತ ಆರೈಕೆ

ತಯಾರಕರು ಈ ದೋಷವನ್ನು ಅರಿತು ಟೀವಿಯೊಳಗೇ ಕೆಲವು ಉಪಾಯಗಳನ್ನು ಇಟ್ಟಿದ್ದಾರೆ. ಇಡೀ ಚಿತ್ರವನ್ನು ಆಗಾಗ ಒಂದೆರಡು ಬಿಂದುಗಳಷ್ಟು ಸರಿಸುವುದು ಒಂದು. ಬಹಳ ಹೊತ್ತು ನಿಂತ ಮುದ್ರೆಯನ್ನು ಗುರುತಿಸಿ ಅದರ ಕಾಂತಿಯನ್ನು ತಗ್ಗಿಸುವುದು ಎರಡನೆಯದು. ನಿಶ್ಚಲವಾದ ಪರದೆಯನ್ನು ಕ್ರಮೇಣ ಮಬ್ಬಾಗಿಸುವುದು ಮೂರನೆಯದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಎಲ್‌ಜಿ ಟೀವಿಗಳಲ್ಲಿ ಒಟ್ಟು ೪ ಗಂಟೆಗಳ ಬಳಕೆಯಾದ ಮೇಲೆ ರಿಮೋಟಿನಿಂದ ಟೀವಿಯನ್ನು ಆರಿಸಿದಾಗ, ಅದು ಕತ್ತಲಲ್ಲಿಯೇ ತನ್ನ ಬಿಂದುಗಳನ್ನು ಪರೀಕ್ಷಿಸಿಕೊಳ್ಳುವುದು. ಯಾವ ಬಿಂದು ಎಷ್ಟು ಬದಲಾಗಿದೆಯೆಂದು ಅಳೆದು, ಸವೆದುದಕ್ಕೆ ತುಸು ಹೆಚ್ಚು ವಿದ್ಯುತ್ ಕೊಟ್ಟು ನೆರೆಯವುಗಳಿಗೆ ಸರಿಸಮ ಮಾಡುವುದು. ಬೇರೆ ತಯಾರಕರ ಓಎಲ್‌ಇಡಿ ಟೀವಿಗಳಲ್ಲಿಯೂ ಇಂಥದೇ ವ್ಯವಸ್ಥೆಯುಂಟು. ಈ ಕೆಲಸಕ್ಕೆ ಕೆಲವು ನಿಮಿಷಗಳು ಸಾಕು. ಆದರೆ ಗೋಡೆಯ ಸ್ವಿಚ್ಚಿನಿಂದ ವಿದ್ಯುತ್ ಬರುತ್ತಿರಬೇಕು.

ಇಲ್ಲಿಯೇ ನಮ್ಮ ಮನೆಗಳ ಒಂದು ರೂಢಿ ಅಡ್ಡ ಬರುವುದು. ರಾತ್ರಿ ಮಲಗುವ ಮುನ್ನ ಹಿರಿಯರು ಎಲ್ಲ ಸ್ವಿಚ್ಚುಗಳನ್ನೂ ಒಂದೊಂದಾಗಿ ಆರಿಸುತ್ತ ಬರುವರು. ವಿದ್ಯುತ್ತಿನ ಉಳಿತಾಯ ಒಳ್ಳೆಯ ಗುಣವೇ. ಆದರೆ ರಿಮೋಟ್ ಒತ್ತಿದ ಮರುಗಳಿಗೆಯಲ್ಲಿ ಗೋಡೆಯ ಸ್ವಿಚ್ಚನ್ನೂ ಆರಿಸಿದರೆ ಟೀವಿಗೆ ಈ ಆರೈಕೆ ಎಂದೂ ದೊರೆಯದು. ಮಲಗಿದ ಟೀವಿ ಅರ್ಧ ವಾಟ್ ವಿದ್ಯುತ್ ತೆಗೆದುಕೊಳ್ಳುವುದೆಂದು ಹಿಡಿದರೆ, ವರ್ಷವೆಲ್ಲ ಹಾಗೆಯೇ ಬಿಟ್ಟರೂ ಖರ್ಚಾಗುವುದು ನಾಲ್ಕೂವರೆ ಯೂನಿಟ್ಟಿನ ಒಳಗೆ. ಆ ಉಳಿತಾಯವೂ ಬೇಕೆನ್ನುವವರು ಒಂದು ಗಂಟೆ ತಡೆದು ಸ್ವಿಚ್ ಆರಿಸಬಹುದು. ಗುಡುಗು ಸಿಡಿಲುಗಳ ರಾತ್ರಿ ಪ್ಲಗ್ಗನ್ನೇ ಕೀಳುವುದು ಜಾಣತನ. ಅದನ್ನು ದಿನನಿತ್ಯದ ರೂಢಿ ಮಾಡಬಾರದು, ಅಷ್ಟೆ. ಇದನ್ನು ಮನೆಯಲ್ಲಿ ವಿನಯದಿಂದ ತಿಳಿಸಿ ಹೇಳುವುದು ಈ ಪಾಠ ಓದಿದವರ ಕೆಲಸ.

ಈ ಆರೈಕೆಯಿಂದ ಬಿಂದುವಿಗೆ ಮತ್ತೆ ಯೌವನ ಬರುವುದಿಲ್ಲವೆಂಬುದನ್ನೂ ನೆನಪಿಡಬೇಕು. ಸವೆದ ಬಿಂದುವನ್ನು ಹೆಚ್ಚು ದುಡಿಸಿ ಸರಿದೂಗಿಸಿದ್ದಾಯಿತೇ ಹೊರತು ಮುರಿದ ಅಣು ಕೂಡಲಿಲ್ಲ. ಆದಕಾರಣ ಟೀವಿಯ ಪಟ್ಟಿಯಲ್ಲಿ ಕಾಣುವ ದೀರ್ಘವಾದ ಶುದ್ಧೀಕರಣವನ್ನು ಕುತೂಹಲಕ್ಕಾಗಿ ಪದೇ ಪದೇ ನಡೆಸಬಾರದು. ಸೋನಿ ಕಂಪನಿಯು ಅದನ್ನು ವರ್ಷಕ್ಕೊಮ್ಮೆಗಿಂತ ಹೆಚ್ಚು ಮಾಡಬಾರದೆಂದೇ ಸೂಚಿಸಿದೆ.

ಪಾಲಿಸತಕ್ಕ ನಿಯಮಗಳು

೧. ಕೋಣೆಗೆ ತಕ್ಕಷ್ಟೇ ಕಾಂತಿ ಇರಲಿ. ರಾತ್ರಿ ದೀಪ ತಗ್ಗಿಸಿದ ಕೋಣೆಯಲ್ಲಿ ಗರಿಷ್ಠ ಕಾಂತಿ ಬೇಕಿಲ್ಲ, ಕಣ್ಣಿಗೂ ಹಿತವಲ್ಲ.

೨. ಒಂದೇ ಆಟಕ್ಕೆ ಅಂಟಿಕೊಳ್ಳದೆ ಆಟಗಳನ್ನು ಬದಲಾಯಿಸಿರಿ. ನಡುನಡುವೆ ಮನೆಯವರ ಸಿನಿಮಾ, ಧಾರಾವಾಹಿಗಳಿಗೂ ಟೀವಿಯನ್ನು ಬಿಟ್ಟುಕೊಡಿರಿ. ಇದರಿಂದ ಸವೆತ ಹಂಚಿಹೋಗುವುದು, ಮನೆಯ ಜಗಳವೂ ತಪ್ಪುವುದು.

೩. ನಕಾಶೆ, ಅಂಕಿಗಳು ಮುಂತಾದವನ್ನು ಮಬ್ಬಾಗಿಸುವ ಅಥವಾ ಅಡಗಿಸುವ ಅನುಕೂಲ ಅನೇಕ ಆಟಗಳಲ್ಲಿ ಉಂಟು. ಅದನ್ನು ಬಳಸಿರಿ.

೪. ಏಳಬೇಕಾದಾಗ ಆಟವನ್ನು ತಡೆದಿಟ್ಟು ಹೋಗದೆ ಟೀವಿಯನ್ನು ಆರಿಸಿ ಹೋಗಿರಿ.

೫. ತಯಾರಕರು ಇಟ್ಟ ರಕ್ಷಣೆಯ ಉಪಾಯಗಳನ್ನು, ಚಿತ್ರ ತುಸು ಮಬ್ಬಾಗುವುದೆಂಬ ಕಾರಣಕ್ಕೆ ತೆಗೆದುಹಾಕಬೇಡಿರಿ.

೬. ಟೀವಿಯ ಹಿಂದೆ ಗಾಳಿಯಾಡಲು ಎಡೆಯಿರಲಿ. ಬಿಸಿಲು ನೇರವಾಗಿ ಬೀಳುವ ಕಿಟಕಿಯ ಎದುರು ಅದನ್ನು ಇಡಬೇ ಬೇಡಿರಿ.

೭. ಕೊಳ್ಳುವ ಮುನ್ನ ಖಾತರಿ ಪತ್ರವನ್ನು ಪೂರ್ತಿಯಾಗಿ ಓದಿರಿ. ಈ ಬಗೆಯ ಗುರುತನ್ನು ಖಾತರಿಯಿಂದ ಹೊರಗಿಟ್ಟ ತಯಾರಕರು ಹಲವರಿದ್ದಾರೆ. ದಿನವೆಲ್ಲ ಒಂದೇ ಆಟ ಅಥವಾ ಒಂದೇ ಸುದ್ದಿವಾಹಿನಿ ಓಡುವ ಮನೆಗೆ ಎಲ್‌ಸಿಡಿ ಟೀವಿಯೇ ಒಳ್ಳೆಯದು.

ಗುರುತನ್ನು ಓದುವ ಬಗೆ

ಪರದೆಯ ಮೇಲೆ ಗುರುತು ಇದೆಯೋ ಇಲ್ಲವೋ ಎಂದು ಪರೀಕ್ಷಿಸುವುದು ಸುಲಭ. ಕೋಣೆಯನ್ನು ಕತ್ತಲೆ ಮಾಡಿ, ಪರದೆಯ ತುಂಬ ಒಂದೇ ಬೂದುಬಣ್ಣವನ್ನೂ ಅನಂತರ ಕೆಂಪು, ಹಸಿರು, ನೀಲಿ ಬಣ್ಣಗಳನ್ನೂ ಒಂದೊಂದಾಗಿ ತೋರಿಸಿರಿ. ಮಸುಕಾದ ಆಕಾರ ಕಂಡರೆ ಕೂಡಲೇ ಗಾಬರಿಯಾಗದೆ, ಒಂದು ರಾತ್ರಿ ಟೀವಿಗೆ ವಿಶ್ರಾಂತಿ ಕೊಟ್ಟು, ಸ್ವಿಚ್ಚನ್ನು ಹಾಗೆಯೇ ಬಿಟ್ಟು, ಮರುದಿನ ಮತ್ತೆ ನೋಡಿರಿ. ಹೋಗಿದ್ದರೆ ಅದು ತಾತ್ಕಾಲಿಕ ನೆರಳು.

ಹೋಗದಿದ್ದರೆ ಗುರುತಿನ ಆಕಾರವನ್ನೂ ಸ್ಥಾನವನ್ನೂ ಕಾಗದದ ಮೇಲೆ ಬರೆದುಕೊಳ್ಳಿರಿ. ಮೇಲಿನ ಮೂಲೆಯಲ್ಲಿ ವಾಹಿನಿಯ ಮುದ್ರೆ ಇದೆಯೆ? ಕೆಳಗೆ ಅಡ್ಡಲಾದ ಸುದ್ದಿಯ ಪಟ್ಟಿ ಇದೆಯೆ? ಫುಟ್‌ಬಾಲ್ ಆಟದ ಅಂಕಿಗಳಿವೆಯೆ? ಕಲ್ಲಿನ ತಗ್ಗು ಕಾಲಿನ ದಾರಿಯನ್ನು ಹೇಳುವಂತೆ ಈ ಗುರುತು ತನ್ನ ಕಾರಣವನ್ನು ತಾನೇ ಹೇಳುವುದು. ಆ ಕಾಗದ ತಮ್ಮ ಪರವಾಗಿ ಸಾಕ್ಷಿ ಹೇಳಿದರೆ ವಿದ್ಯಾರ್ಥಿಗಳು ಅದನ್ನು ತಂದೆಯವರಿಗೆ ತೋರಿಸಬಹುದು. ವಿರುದ್ಧವಾಗಿ ಹೇಳಿದರೂ ತೋರಿಸಬೇಕು. ವಿಜ್ಞಾನ ಓದಿದವರಿಗೆ ಎರಡನೆಯದೇ ಹೆಚ್ಚಿನ ಕರ್ತವ್ಯ.

ಬೆಳಗುವ ವಸ್ತುವು ಬೆಳಗಿದಷ್ಟು ಸವೆಯಲೇಬೇಕು. ಅದನ್ನು ತಪ್ಪಿಸುವುದು ನಮ್ಮ ಕೈಯಲ್ಲಿಲ್ಲ. ಆ ಸವೆತವು ಒಂದೇ ಕಡೆಯಲ್ಲಿ ನಿಲ್ಲದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ಅಷ್ಟು ಮಾಡಿದವರು ನಿಶ್ಚಿಂತೆಯಿಂದ ಆಡಬಹುದು.

ಅಭ್ಯಾಸ

೧. ಎಲ್‌ಸಿಡಿ ಮತ್ತು ಓಎಲ್‌ಇಡಿ ಪರದೆಗಳಲ್ಲಿ ಕಪ್ಪು ಬಣ್ಣ ಮೂಡುವ ಬಗೆ ಹೇಗೆ ಭಿನ್ನ?

೨. ಒಂದು ೪ಕೆ ಪರದೆಯ ಪ್ರತಿ ಬಿಂದುವಿನಲ್ಲಿ ನಾಲ್ಕು ಉಪಬಿಂದುಗಳಿದ್ದರೆ ಒಟ್ಟು ಉಪಬಿಂದುಗಳೆಷ್ಟು?

೩. ಒಬ್ಬ ಹುಡುಗನು ದಿನಕ್ಕೆ ೧ ಗಂಟೆ ಫುಟ್‌ಬಾಲ್ ಆಟವಾಡುವನು. ಅವನ ಮನೆಯಲ್ಲಿ ದಿನಕ್ಕೆ ೪ ಗಂಟೆ ಒಂದೇ ಸುದ್ದಿವಾಹಿನಿ ಓಡುವುದು. ಒಂದು ವರ್ಷದಲ್ಲಿ ಆಟದ ಅಂಕಿಗಳೂ ವಾಹಿನಿಯ ಮುದ್ರೆಯೂ ಪ್ರತ್ಯೇಕವಾಗಿ ಎಷ್ಟು ಗಂಟೆ ಪರದೆಯ ಮೇಲಿದ್ದುವು? ಯಾವುದರ ಗುರುತು ಮೊದಲು ಬೀಳುವ ಸಂಭವ ಹೆಚ್ಚು? ಯಾವ ಸಂದರ್ಭದಲ್ಲಿ ನಿಮ್ಮ ಉತ್ತರ ಬದಲಾಗಬಹುದು?

೪. ‘ಬರ್ನ್‌-ಇನ್’ ಎಂಬುದಕ್ಕೆ ಅದರ ನಿಜವಾದ ಕಾರಣವನ್ನು ಸೂಚಿಸುವಂಥ ಒಂದು ಕನ್ನಡ ಹೆಸರನ್ನು ಯೋಚಿಸಿ ಬರೆಯಿರಿ.